ಕಲೆಯಿಲ್ಲದ ಸೂರ್ಯನ ಕೆಳಗೆ ಹ್ಯಾಮ್ ರೇಡಿಯೊ

ಕಳೆದ ನಾಲ್ಕೈದು ವರ್ಷಗಳಲ್ಲಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ, ಲೈಸೆನ್ಸ್ ತೆಗೆದುಕೊಂಡವರು ಎಷ್ಟು ಜನ ಇದ್ದೀರಿ, ಒಮ್ಮೆ ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಹಾಗಿದ್ದರೆ ಇವತ್ತಿನ ಮಾತು ಹೆಚ್ಚಾಗಿ ನಿಮಗೇ.

ನೀವು ಈ ಹವ್ಯಾಸಕ್ಕೆ ಕಾಲಿಟ್ಟದ್ದು ಒಳ್ಳೆ ಸುಗ್ಗಿಯಲ್ಲಿ. 28 ಮೆಗಾಹರ್ಟ್ಸ್‌ನಲ್ಲಿ, ಅಂದರೆ ನಾವು ಹತ್ತು ಮೀಟರ್ ಅನ್ನುವ ಬ್ಯಾಂಡಿನಲ್ಲಿ (ಫ್ರೀಕ್ವೆನ್ಸಿಗಳ ಪಟ್ಟಿಯಲ್ಲಿ), ಐದು ವ್ಯಾಟ್ ಮತ್ತು ಒಂದು ತಂತಿ ಇಟ್ಟುಕೊಂಡು ಬೇರೆ ಖಂಡದವರ ಜೊತೆ ಮಾತಾಡಿದ್ದೀರಿ. ಬೆಳಿಗ್ಗೆ ರಿಗ್, ಅಂದರೆ ರೇಡಿಯೊ ಸೆಟ್, ಹಾಕಿದರೆ ಒಂದು ದಿಕ್ಕಿನವರು, ಸಂಜೆ ಹಾಕಿದರೆ ಇನ್ನೊಂದು ದಿಕ್ಕಿನವರು. 2024ರಲ್ಲಿ ಸೂರ್ಯನ ಚಟುವಟಿಕೆ ತುದಿ ಮುಟ್ಟಿತ್ತು. ಇನ್ನು ಇಳಿಜಾರು. ಅಂದಾಜು 2030ರ ಹೊತ್ತಿಗೆ ಅದು ತಳ ಮುಟ್ಟುತ್ತದೆ. ಆಗ ನೀವು ಇಷ್ಟಪಟ್ಟ ಆ ಬ್ಯಾಂಡ್ ವಾರಗಟ್ಟಲೆ ಖಾಲಿ ಇರುತ್ತದೆ. ನಿಮ್ಮಲ್ಲಿ ಕೆಲವರು ರಿಗ್ ಮೇಲೆ ಬಟ್ಟೆ ಹೊದಿಸಿ ಬೇರೆ ಹವ್ಯಾಸ ಹುಡುಕಿಕೊಂಡು ಹೋಗುತ್ತೀರೇನೋ ಎಂಬ ಭಯ ನನಗಿದೆ. ಹಿಂದಿನ ಎರಡು ಇಳಿತಗಳಲ್ಲೂ ಹಾಗೆ ಹೋದವರನ್ನು ಕಂಡಿದ್ದೇನೆ. ಅವರು ಬಿಟ್ಟುಹೋದದ್ದು ಸರಿಯಾಗಿ ಕಲಿಕೆ ಶುರುವಾಗುವ ಹೊತ್ತಿಗೆ. ಅದಕ್ಕೇ ಈ ಮಾತು.

ನನಗೆ ಲೈಸೆನ್ಸ್ ಸಿಕ್ಕಿದ್ದು 2008ರಲ್ಲಿ. ಓದಿದ ಪುಸ್ತಕಗಳಲ್ಲೆಲ್ಲ ಹಗಲು ಹೊತ್ತು ದೂರದ ಸಂಪರ್ಕಕ್ಕೆ 21 ಮತ್ತು 28 ಮೆಗಾಹರ್ಟ್ಸ್ ಅಂತ ಬರೆದಿತ್ತು. 20 ಮೀಟರ್ ಉದ್ದದ ಒಂದು ಡೈಪೋಲ್, ಅಂದರೆ ನಡುವಿನಿಂದ ಕೇಬಲ್ ಇಳಿಸಿದ ತಂತಿಯ ಆಂಟೆನಾ, ಕಟ್ಟಿದೆ. ನಿಮಗೆ ಗೊತ್ತಿರಬೇಕು, 7 ಮೆಗಾಹರ್ಟ್ಸ್‌ಗೆ ಕತ್ತರಿಸಿದ ತಂತಿ ಅದರ ಮೂರು ಪಟ್ಟಾದ 21ರಲ್ಲೂ ಕೆಲಸ ಮಾಡುತ್ತದೆ. ಹಾಗಾಗಿ ಮೊದಲ ದಿನದಿಂದ 21ರಲ್ಲೇ ಕೂತು ಸಿಕ್ಯೂ, ಅಂದರೆ ಯಾರಾದರೂ ಇದ್ದೀರಾ ಅಂತ, ಕರೆದೆ. ಮೂರು ವಾರ ಕರೆದೆ. ಒಬ್ಬರೂ ಓಗೊಡಲಿಲ್ಲ. ಬರೀ ಸೊಂಯ್ ಅನ್ನುವ ಸದ್ದು.

ಕೇಬಲ್ ಮೇಲೆ ಅನುಮಾನ ಬಂತು. ಕನೆಕ್ಟರ್ ಬಿಚ್ಚಿದೆ, ಬೆಸುಗೆ ಕರಗಿಸಿ ತೆಗೆದು ಮತ್ತೆ ಹಾಕಿದೆ. ಮಲ್ಟಿಮೀಟರ್ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ನೋಡಿದೆ. ರಿಗ್ಗಿಗೂ ಆಂಟೆನಾಗೂ ಹೊಂದಾಣಿಕೆ ಎಷ್ಟು ಅಂತ ಹೇಳುವ ಎಸ್‌ಡಬ್ಲ್ಯೂಆರ್ 1.4 ತೋರಿಸುತ್ತಿತ್ತು, ಅಂದರೆ ತಂತಿ ಸರಿಯಾಗೇ ಇತ್ತು. ಆದರೂ ಡೈಪೋಲ್ ಇಳಿಸಿ ಮತ್ತೆ ಏರಿಸಿದೆ. ಕೊನೆಗೆ ಒಬ್ಬ ಹಿರಿಯ ಹ್ಯಾಮ್ ಅವರನ್ನು ಮನೆಗೆ ಕರೆದೆ. ಅವರು ಬಂದದ್ದು ಸಂಜೆ. ಆಂಟೆನಾ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡರು. ಬ್ಯಾಂಡ್ ಬಟನ್ ಎರಡು ಮೂರು ಸಲ ಒತ್ತಿ 7 ಮೆಗಾಹರ್ಟ್ಸ್‌ಗೆ ಇಳಿದರು. ನಾಬನ್ನು ಎಷ್ಟು ನಿಧಾನ ತಿರುಗಿಸಿದರೆಂದರೆ ಅದು ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆಮೇಲೆ ಹೆಡ್‌ಫೋನ್‌ನ ಒಂದು ಬದಿಯನ್ನು ನನ್ನ ಕಿವಿಗೆ ಹಿಡಿದರು. ಸದ್ದಿನ ಅಡಿಯಲ್ಲಿ ಸಣ್ಣಗೆ ಚುಕ್ಕೆ ಗೆರೆಗಳ ಮೋರ್ಸ್ ಕೇಳುತ್ತಿತ್ತು. ಬೇರೆ ಖಂಡದ ಒಬ್ಬರ ಕಾಲ್‌ಸೈನ್, ಅಂದರೆ ಅವರ ನಿಲ್ದಾಣದ ಗುರುತು.

"ಏನೂ ಕೆಟ್ಟಿಲ್ಲ ಕಣಪ್ಪ," ಅಂದರು. "ಸೂರ್ಯನ ಮುಖದ ಮೇಲೆ ಈಗ ಒಂದು ಕಪ್ಪು ಕಲೆಯೂ ಇಲ್ಲ. ನೀನು ಮೇಲೆ ಕೂತಿದ್ದೀಯ. ಕೆಳಗೆ ಬಾ."

ಕೆಳಗೆ ಬಾ ಅಂದರೆ ಕಡಿಮೆ ಫ್ರೀಕ್ವೆನ್ಸಿಗೆ ಬಾ ಅಂತ. ಇವತ್ತು ನಾನು ಹೇಳುವುದೆಲ್ಲ ಅವರ ಆ ಎರಡು ಪದಗಳ ವಿವರಣೆ.

ಮೊದಲು ಸೂರ್ಯನ ಲೆಕ್ಕ ನೋಡೋಣ. ಜರ್ಮನಿಯಲ್ಲಿ ಹೈನ್ರಿಕ್ ಶ್ವಾಬೆ ಅಂತ ಒಬ್ಬ ಔಷಧ ವ್ಯಾಪಾರಿ ಇದ್ದರು. ಬುಧ ಗ್ರಹಕ್ಕಿಂತ ಒಳಗೆ ಇನ್ನೊಂದು ಗ್ರಹ ಇರಬಹುದು, ಅದು ಸೂರ್ಯನ ಮುಂದೆ ಹಾದುಹೋಗುವಾಗ ಕಪ್ಪು ಚುಕ್ಕೆಯಂತೆ ಕಾಣಬಹುದು ಎಂದು ಅವರ ಆಸೆ. 1826ರಿಂದ ಆಕಾಶ ತಿಳಿಯಾಗಿದ್ದ ದಿನಗಳಲ್ಲೆಲ್ಲ ಸೂರ್ಯನನ್ನು ನೋಡಿದರು. ಗ್ರಹ ಎಂದು ಮೋಸಹೋಗಬಾರದು ಅಂತ ಸೂರ್ಯನ ಕಲೆಗಳನ್ನೂ ಎಣಿಸಿ ಬರೆದಿಟ್ಟರು. ಗ್ರಹ ಸಿಗಲಿಲ್ಲ. ಆದರೆ 1843ರವರೆಗಿನ 17 ವರ್ಷದ ಲೆಕ್ಕ ಮುಂದಿಟ್ಟುಕೊಂಡಾಗ, ಕಲೆಗಳು ಸುಮಾರು ಹತ್ತು ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುವುದು ಕಂಡಿತು. ಒಬ್ಬ ಹವ್ಯಾಸಿ ದಿನವೂ ಒಂದೇ ಕೆಲಸ ಮಾಡಿ ಡೈರಿ ಬರೆದದ್ದರಿಂದ ಸಿಕ್ಕ ಸಂಗತಿ ಇದು. ಹ್ಯಾಮ್‌ಗಳಾದ ನಮಗೆ ಈ ಕಥೆ ತುಂಬ ಹತ್ತಿರದ್ದು ಅನ್ನಿಸುತ್ತದೆ ನನಗೆ.

ಆಮೇಲೆ ರುಡಾಲ್ಫ್ ವುಲ್ಫ್ ಅದಕ್ಕೊಂದು ಎಣಿಕೆಯ ಕ್ರಮ ಕೊಟ್ಟರು. ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿ 1755ರಲ್ಲಿ ಶುರುವಾದ ಚಕ್ರಕ್ಕೆ ಒಂದನೇ ಸಂಖ್ಯೆ ಕೊಟ್ಟರು. ಸರಾಸರಿ 11 ವರ್ಷಕ್ಕೆ ಒಂದು ಚಕ್ರ. ಈಗ ನಡೆಯುತ್ತಿರುವುದು 25ನೆಯದು, 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಆ 2019ರಲ್ಲಿ ಸುಮಾರು ಮುಕ್ಕಾಲು ಪಾಲು ದಿನಗಳಲ್ಲಿ ಸೂರ್ಯನ ಮೇಲೆ ಒಂದು ಕಲೆಯೂ ಇರಲಿಲ್ಲ. ನಾನು 21ರಲ್ಲಿ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ 2008ರ ಕಥೆಯೂ ಅದೇ.

ಕಲೆಗೂ ನಮ್ಮ ರೇಡಿಯೊಗೂ ಏನು ಸಂಬಂಧ? ಕಲೆ ನೇರವಾಗಿ ಏನೂ ಮಾಡುವುದಿಲ್ಲ. ಕಲೆಗಳು ಜಾಸ್ತಿ ಇದ್ದಾಗ ಸೂರ್ಯನಿಂದ ತೀಕ್ಷ್ಣವಾದ ಅತಿನೇರಳೆ ಕಿರಣ ಜಾಸ್ತಿ ಬರುತ್ತದೆ. ಅದು ನಮ್ಮ ವಾತಾವರಣದ ಮೇಲ್ಭಾಗದ ಅನಿಲಗಳಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತದೆ. ಹೀಗೆ ಬಿಡಿ ಎಲೆಕ್ಟ್ರಾನ್‌ಗಳು ತುಂಬಿರುವ ಜಾಗವೇ ಅಯಾನುಗೋಳ. ಶಾರ್ಟ್‌ವೇವ್ ತರಂಗವನ್ನು ಬಗ್ಗಿಸಿ ಭೂಮಿಗೆ ವಾಪಸ್ ಕಳಿಸುವುದು ಈ ಎಲೆಕ್ಟ್ರಾನ್‌ಗಳೇ. ಸುಮಾರು 250ರಿಂದ 400 ಕಿಲೋಮೀಟರ್ ಎತ್ತರದ ಎಫ್2 ಪದರ ದೂರದ ಸಂಪರ್ಕಕ್ಕೆ ಮುಖ್ಯವಾದದ್ದು. ಕೆಳಗೆ, 60ರಿಂದ 90 ಕಿಲೋಮೀಟರ್‌ನಲ್ಲಿ ಡಿ ಪದರ ಇದೆ. ಅದು ಹಗಲಿನಲ್ಲಿ ಮಾತ್ರ ಇರುವುದು. ಅದು ತರಂಗವನ್ನು ವಾಪಸ್ ಕಳಿಸುವುದಿಲ್ಲ, ನುಂಗುತ್ತದೆ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಜಾಸ್ತಿ ನುಂಗುತ್ತದೆ. ಈ ಎರಡು ಪದರ ನೆನಪಿಟ್ಟುಕೊಳ್ಳಿ, ಸಾಕು.

ಈಗ ಒಂದು ಸಣ್ಣ ಲೆಕ್ಕ. ನೆಟ್ಟಗೆ ಮೇಲಕ್ಕೆ ಬಿಟ್ಟ ಸಿಗ್ನಲ್ ಯಾವ ಫ್ರೀಕ್ವೆನ್ಸಿಯವರೆಗೆ ವಾಪಸ್ ಬರುತ್ತದೋ ಅದಕ್ಕೆ ಕ್ರಿಟಿಕಲ್ ಫ್ರೀಕ್ವೆನ್ಸಿ ಅನ್ನುತ್ತೇವೆ. ಓರೆಯಾಗಿ ಬಿಟ್ಟರೆ ಅದಕ್ಕಿಂತ ಹೆಚ್ಚಿನದೂ ವಾಪಸ್ ಬರುತ್ತದೆ. ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿದರೆ ಪುಟಿಯುತ್ತದೆ, ನೆಟ್ಟಗೆ ಹಾಕಿದರೆ ಮುಳುಗುತ್ತದೆ, ಅಲ್ವಾ? ಹಾಗೇ. ಸುಮಾರು 3000 ಕಿಲೋಮೀಟರ್‌ನ ಒಂದು ನೆಗೆತಕ್ಕೆ ಹೆಚ್ಚುಕಡಿಮೆ ಮೂರು ಪಟ್ಟು ಸಿಗುತ್ತದೆ. ಸೂರ್ಯ ಜೋರಾಗಿದ್ದಾಗ ಹಗಲಿನಲ್ಲಿ ಕ್ರಿಟಿಕಲ್ ಫ್ರೀಕ್ವೆನ್ಸಿ 10 ಮೆಗಾಹರ್ಟ್ಸ್ ದಾಟುತ್ತದೆ. ಮೂರು ಪಟ್ಟು ಮಾಡಿದರೆ 30. ಅದಕ್ಕೇ 28 ತೆರೆದಿರುತ್ತದೆ. ಚಟುವಟಿಕೆ ತಳದಲ್ಲಿದ್ದಾಗ ಭೂಮಿಯ ನಡು ಅಕ್ಷಾಂಶಗಳಲ್ಲಿ ಅದು ಹಗಲಿನಲ್ಲೂ 5ರ ಆಸುಪಾಸು ಇರುತ್ತದೆ. ಮೂರು ಪಟ್ಟು ಮಾಡಿದರೆ 15. ಅಂದರೆ 14 ಮೆಗಾಹರ್ಟ್ಸ್ ಹಗಲಿನಲ್ಲಿ ಸಿಗುತ್ತದೆ, 21 ಅಪರೂಪ, 28 ಇಲ್ಲವೇ ಇಲ್ಲ ಅನ್ನುವಷ್ಟು. ಸಮಭಾಜಕದ ಹತ್ತಿರ ಇರುವವರಿಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಆದರೂ ದಿಕ್ಕು ಇದೇ.

ನೀವು ದಿನವೂ ನೋಡುವ ಸೋಲಾರ್ ಫ್ಲಕ್ಸ್ ಸಂಖ್ಯೆಯೂ ಇದರದೇ ಸೂಚನೆ. 10.7 ಸೆಂಟಿಮೀಟರ್ ತರಂಗದಲ್ಲಿ ಸೂರ್ಯನ ರೇಡಿಯೊ ಸದ್ದನ್ನು ಅಳೆಯುತ್ತಾರೆ. ಕೆನಡಾದಲ್ಲಿ 1947ರಿಂದ ಈ ಅಳತೆ ನಡೆಯುತ್ತಾ ಬಂದಿದೆ. ತಳದಲ್ಲಿ 70ರ ಸುತ್ತ, ತುದಿಯಲ್ಲಿ 200ಕ್ಕಿಂತ ಮೇಲೆ. ಆ ಸದ್ದು ಅಯಾನುಗೋಳವನ್ನು ಮಾಡುವುದಿಲ್ಲ. ಅತಿನೇರಳೆ ಕಿರಣವನ್ನು ನೆಲದ ಮೇಲೆ ಕೂತು ಅಳೆಯಲು ಆಗುವುದಿಲ್ಲ, ಅದಕ್ಕೆ ಇದನ್ನು ಅಳೆಯುತ್ತಾರೆ. ಎರಡೂ ಒಟ್ಟಿಗೆ ಏರಿಳಿಯುತ್ತವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ನಷ್ಟದ ಬಾಬತ್ತು. ಇನ್ನು ಲಾಭಕ್ಕೆ ಬರೋಣ. ಸೂರ್ಯ ಸುಮ್ಮನಾದಾಗ ಎಫ್2 ಮಾತ್ರ ತೆಳುವಾಗುವುದಿಲ್ಲ, ನುಂಗುವ ಡಿ ಪದರವೂ ತೆಳುವಾಗುತ್ತದೆ. ಹಾಗಾಗಿ 7, 3.5 ಮತ್ತು 1.8 ಮೆಗಾಹರ್ಟ್ಸ್ ಬ್ಯಾಂಡ್‌ಗಳು ಚಿಗುರುತ್ತವೆ. ಸೌರಜ್ವಾಲೆಗಳು ಕಡಿಮೆ, ಭೂಕಾಂತ ಬಿರುಗಾಳಿಗಳೂ ಕಡಿಮೆ. ಧ್ರುವದ ಹತ್ತಿರ ಹಾದುಬರುವ ಸಿಗ್ನಲ್‌ಗಳು, ಬೇರೆ ಕಾಲದಲ್ಲಿ ಚೂರುಚೂರಾಗಿ ನಡುಗುತ್ತಾ ಬರುವಂಥವು, ಆಗ ಶುದ್ಧವಾಗಿ ಬರುತ್ತವೆ. 1.8ರಲ್ಲಿ ಖಂಡದಿಂದ ಖಂಡಕ್ಕೆ ಮಾತಾಡಬೇಕು ಅಂತ ಜೀವಮಾನವಿಡೀ ಪ್ರಯತ್ನಿಸುವವರು ಇಂಥ ವರ್ಷಗಳಿಗೇ ಕಾಯುತ್ತಾರೆ.

ಇಲ್ಲಿ ಸ್ವಲ್ಪ ಇತಿಹಾಸಕ್ಕೆ ಹೋಗುತ್ತೇನೆ, ನನಗೆ ತುಂಬ ಇಷ್ಟದ ಭಾಗ ಇದು. 1912ರಲ್ಲಿ ಅಮೆರಿಕದಲ್ಲಿ ರೇಡಿಯೊ ಕಾನೂನು ಬಂತು. ಹವ್ಯಾಸಿಗಳು 200 ಮೀಟರ್ ಮತ್ತು ಅದಕ್ಕಿಂತ ಚಿಕ್ಕ ತರಂಗಗಳಲ್ಲಿ ಇರಬೇಕು ಅಂದರು. ಆಗ ಅದು ಕೆಲಸಕ್ಕೆ ಬಾರದ ಜಾಗ ಎಂದು ಎಲ್ಲರ ನಂಬಿಕೆ. ದೊಡ್ಡ ಕಂಪನಿಗಳೆಲ್ಲ ಸಾವಿರಾರು ಮೀಟರ್ ತರಂಗಗಳಲ್ಲಿ ದೈತ್ಯ ಯಂತ್ರ ಇಟ್ಟುಕೊಂಡಿದ್ದರು. ಹವ್ಯಾಸಿಗಳು ಸಿಕ್ಕ ಮೂಲೆಯಲ್ಲೇ ಕೂತು ಪ್ರಯೋಗ ಮಾಡಿದರು. ಫ್ರಾನ್ಸಿನ ನೀಸ್ ನಗರದ ಲಿಯಾನ್ ಡೆಲಾಯ್ 1923ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಹ್ಯಾಮ್‌ಗಳು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿಕೊಂಡು ಬಂದರು. ಊರಿಗೆ ಮರಳಿ ಸುಮಾರು 100 ಮೀಟರ್‌ನ ಟ್ರಾನ್ಸ್‌ಮಿಟರ್ ಕಟ್ಟಿದರು. ಅದೇ ವರ್ಷ ನವೆಂಬರ್ ಕೊನೆಯ ವಾರ ಅಮೆರಿಕದ ಕನೆಕ್ಟಿಕಟ್‌ನ ಫ್ರೆಡ್ ಶ್ನೆಲ್ ಅವರ ಜೊತೆ ಎರಡೂ ಕಡೆಯಿಂದ ಮಾತುಕತೆ ಆಯಿತು. ಹಿಂದೆಯೇ ಜಾನ್ ರೈನಾರ್ಟ್ಸ್ ಸೇರಿಕೊಂಡರು. ಹವ್ಯಾಸಿಗಳು ಅಟ್ಲಾಂಟಿಕ್ ದಾಟಿ ಪರಸ್ಪರ ಮಾತಾಡಿದ್ದು ಅದೇ ಮೊದಲು.

ವರ್ಷ ತುಂಬುವ ಮೊದಲೇ, 1924ರ ಅಕ್ಟೋಬರ್ 18ರಂದು, ನ್ಯೂಜಿಲೆಂಡಿನ ಫ್ರಾಂಕ್ ಬೆಲ್ ಇಂಗ್ಲೆಂಡಿನ ಜೊತೆ ಮಾತಾಡಿದರು. ಬೆಲ್ ಕುರಿ ಸಾಕುವ ಮನೆತನದವರು. ಆ ಕಡೆ ಕೀ ಹಿಡಿದು ಕೂತಿದ್ದವರು ಲಂಡನ್ನಿನ ಮಿಲ್ ಹಿಲ್ ಶಾಲೆಯ ವಿದ್ಯಾರ್ಥಿ ಸೆಸಿಲ್ ಗಾಯ್ಡರ್, ವಯಸ್ಸು 18. ಭೂಮಿಯ ಈ ಬದಿಯಿಂದ ಆ ಬದಿಗೆ.

ಈಗ ಆ ವರ್ಷಗಳನ್ನು ಸೂರ್ಯನ ಪಟ್ಟಿಯ ಪಕ್ಕ ಇಟ್ಟು ನೋಡಿ. 15ನೇ ಚಕ್ರ ಮುಗಿದು 16ನೆಯದು ಶುರುವಾದದ್ದು 1923ರಲ್ಲೇ. ಅಂದರೆ ನಮ್ಮ ಹವ್ಯಾಸ ಸಾಗರ ದಾಟಿದ್ದು ಸೂರ್ಯ ಅತ್ಯಂತ ಸುಮ್ಮನಿದ್ದ ವರ್ಷದಲ್ಲಿ. 100 ಮೀಟರ್ ಅಂದರೆ 3 ಮೆಗಾಹರ್ಟ್ಸ್. ತೆಳುವಾದ ಡಿ ಪದರ, ಚಳಿಗಾಲದ ಉದ್ದ ರಾತ್ರಿ, ಗುಡುಗಿನ ಸದ್ದಿಲ್ಲದ ಬ್ಯಾಂಡ್. ಅವರ ಹತ್ತಿರ ಇವತ್ತಿನ ರಿಸೀವರ್ ಇರಲಿಲ್ಲ, ಸೂರ್ಯನ ಪ್ರತಿ ಗಂಟೆಯ ವರದಿ ಇರಲಿಲ್ಲ. ಮಾರ್ಕೋನಿ 1901ರ ಡಿಸೆಂಬರ್‌ನಲ್ಲಿ ಅಟ್ಲಾಂಟಿಕ್ ಆಚೆಯಿಂದ ಮೂರು ಚುಕ್ಕೆ ಕೇಳಿದೆ ಅಂದದ್ದೂ ಇಂಥದೇ ಒಂದು ತಳದ ಕಾಲದಲ್ಲಿ. ಆದರೆ ಅದು ನಿಜವಾಗಿ ಕೇಳಿಸಿತೇ ಎಂಬ ಚರ್ಚೆ ಇವತ್ತಿಗೂ ಇದೆ, ಹಾಗಾಗಿ ನಾನು ಅದನ್ನು ಆಧಾರವಾಗಿ ಹಿಡಿಯುವುದಿಲ್ಲ. 1923 ಮತ್ತು 1924 ಸಾಕು.

ಈಗ ನಿಮ್ಮ ಮೇಜಿನ ಮುಂದೆ ಬರೋಣ. ಕೆಳಗಿನ ಬ್ಯಾಂಡ್‌ಗಳಲ್ಲಿ ಯಾವ ಹೊತ್ತಿಗೆ ಕೂರುತ್ತೀರಿ ಅನ್ನುವುದೇ ಎಲ್ಲಕ್ಕಿಂತ ಮುಖ್ಯ. ಸೂರ್ಯ ಮುಳುಗಿದ ಕೂಡಲೇ ಡಿ ಪದರ ಕರಗುತ್ತದೆ, ಅಲ್ಲಿ ಗಾಳಿ ದಟ್ಟ, ಎಲೆಕ್ಟ್ರಾನ್‌ಗಳು ಬೇಗ ಅಯಾನುಗಳ ಜೊತೆ ಸೇರಿಬಿಡುತ್ತವೆ. ಎಫ್ ಪದರದಲ್ಲಿ ಗಾಳಿ ತೀರಾ ವಿರಳ, ಅದು ರಾತ್ರಿಯೂ ಉಳಿಯುತ್ತದೆ. ಆದ್ದರಿಂದ ಸೂರ್ಯೋದಯ ಮತ್ತು ಸೂರ್ಯಾಸ್ತದ ಗೆರೆಯ ಉದ್ದಕ್ಕೂ, ನಾವು ಗ್ರೇಲೈನ್ ಅನ್ನುವ ಆ ಪಟ್ಟಿಯಲ್ಲಿ, ಸ್ವಲ್ಪ ಹೊತ್ತು ನುಂಗುವವನು ಇಲ್ಲ, ಬಗ್ಗಿಸುವವನು ಇದ್ದಾನೆ.

2009ರ ಜನವರಿಯ ಒಂದು ಬೆಳಗಿನ ಲಾಗ್ ನನ್ನ ಕೈಯಲ್ಲಿದೆ. ಪೆನ್ಸಿಲ್ಲಿನಲ್ಲಿ ಬರೆದದ್ದು, ಓದುತ್ತೇನೆ. 7 ಮೆಗಾಹರ್ಟ್ಸ್, ಸಿಡಬ್ಲ್ಯೂ, ಅಂದರೆ ಮೋರ್ಸ್. ಸೂರ್ಯೋದಯಕ್ಕೆ 25 ನಿಮಿಷ ಮೊದಲು: ಏನೂ ಇಲ್ಲ. 15 ನಿಮಿಷ ಮೊದಲು: ಯಾರೋ ಇದ್ದಾರೆ, ಕಾಲ್‌ಸೈನ್‌ನ ಕೊನೆಯ ಅಕ್ಷರ ಮಾತ್ರ. 8 ನಿಮಿಷ ಮೊದಲು: ಪೂರ್ತಿ ಕಾಲ್‌ಸೈನ್. ಆ ನಿಲ್ದಾಣ ಇದ್ದ ಊರಲ್ಲಿ ಆಗ ಸೂರ್ಯ ಮುಳುಗುತ್ತಿದ್ದ, ನನ್ನ ಕಿಟಕಿಯಲ್ಲಿ ಹುಟ್ಟುತ್ತಿದ್ದ. ಸೂರ್ಯೋದಯದ ನಿಮಿಷ: 559, ಅಂದರೆ ಪೂರ್ತಿ ಓದಲು ಬರುವ, ಸಾಧಾರಣ ಬಲದ ಸಿಗ್ನಲ್. ಕರೆದೆ, ಎರಡನೇ ಸಲಕ್ಕೆ ಉತ್ತರ ಬಂತು. 10 ನಿಮಿಷದ ನಂತರ: ಅದೇ ಫ್ರೀಕ್ವೆನ್ಸಿ, ಬರೀ ಸದ್ದು. ಬಾಗಿಲು ತೆರೆದಿದ್ದದ್ದು ಅರ್ಧ ಗಂಟೆಯೂ ಅಲ್ಲ. ಆವತ್ತು ನಾನು ಹತ್ತು ನಿಮಿಷ ತಡವಾಗಿ ಎದ್ದಿದ್ದರೆ ಬ್ಯಾಂಡ್ ಸತ್ತಿದೆ ಅಂತಲೇ ಬರೆಯುತ್ತಿದ್ದೆ. 28 ಮೆಗಾಹರ್ಟ್ಸ್ ದಿನವಿಡೀ ತೆರೆದಿದ್ದಾಗ ಈ ಅಭ್ಯಾಸ ಬರುವುದಿಲ್ಲ, ಅದರ ಅಗತ್ಯವೇ ಬೀಳುವುದಿಲ್ಲ.

ತುರ್ತು ಸೇವೆಗೆ ಹ್ಯಾಮ್ ರೇಡಿಯೊ ಇಟ್ಟುಕೊಂಡವರು ದಯವಿಟ್ಟು ಮುಂದಿನ ಮಾತನ್ನು ಬರೆದುಕೊಳ್ಳಿ. ತುಂಬ ಕಡೆ ಬೆಳಗಿನ ನೆಟ್, ಅಂದರೆ ಗೊತ್ತಾದ ಹೊತ್ತಿಗೆ ಒಂದೇ ಫ್ರೀಕ್ವೆನ್ಸಿಯಲ್ಲಿ ಹ್ಯಾಮ್‌ಗಳು ಸೇರುವ ಕೂಟ, 7 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. 100, 200, 300 ಕಿಲೋಮೀಟರ್ ದೂರದವರು ಸೇರುತ್ತಾರೆ. ಅಷ್ಟು ಹತ್ತಿರದವರಿಗೆ ಸಿಗ್ನಲ್ ಹೆಚ್ಚುಕಡಿಮೆ ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಕೆಳಗೆ ಬರಬೇಕು. ಆಗಲೇ ಲೆಕ್ಕ ಮಾಡಿದೆವಲ್ಲ, ತಳದ ವರ್ಷಗಳಲ್ಲಿ ಕ್ರಿಟಿಕಲ್ ಫ್ರೀಕ್ವೆನ್ಸಿ 5ರ ಹತ್ತಿರ. 7 ಅದಕ್ಕಿಂತ ಜಾಸ್ತಿ. ಸಿಗ್ನಲ್ ಪದರ ತೂರಿಕೊಂಡು ಬಾಹ್ಯಾಕಾಶಕ್ಕೆ ಹೋಗುತ್ತದೆ. ಸಾವಿರ ಕಿಲೋಮೀಟರ್ ಆಚೆಯವರು ಚೆನ್ನಾಗಿ ಕೇಳುತ್ತಾರೆ, ಪಕ್ಕದ ಜಿಲ್ಲೆಯವರು ಕೇಳುವುದೇ ಇಲ್ಲ. ವರ್ಷಗಟ್ಟಲೆ ಚೆನ್ನಾಗಿ ನಡೆದ ನೆಟ್ ಒಂದು ದಿನ ಇದ್ದಕ್ಕಿದ್ದಂತೆ ಒಡೆದುಹೋಗುತ್ತದೆ. ಎಲ್ಲರೂ ತಮ್ಮ ತಮ್ಮ ಆಂಟೆನಾ ಬಿಚ್ಚಲು ಶುರು ಮಾಡುತ್ತಾರೆ. ಪ್ರವಾಹವೋ ಭೂಕಂಪವೋ ಬಂದ ದಿನ ಇದು ತಿಳಿದರೆ ಏನು ಪ್ರಯೋಜನ? ಈಗಲೇ 3.5 ಮೆಗಾಹರ್ಟ್ಸ್‌ಗೆ ಒಂದು ತಂತಿ ಕಟ್ಟಿ, ನಿಮ್ಮ ನೆಟ್‌ಗೆ ಅಲ್ಲೊಂದು ಎರಡನೇ ಜಾಗ ಗೊತ್ತುಮಾಡಿ, ತಿಂಗಳಿಗೊಮ್ಮೆ ಅಲ್ಲಿ ಸೇರಿ ಅಭ್ಯಾಸ ಮಾಡಿ.

ತಂತಿಯ ಉದ್ದ ಗೊತ್ತಲ್ಲ, 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್‌ನಲ್ಲಿ ಸಿಗುತ್ತದೆ. 3.6ಕ್ಕೆ ಹತ್ತಿರ ಹತ್ತಿರ 40 ಮೀಟರ್. ಅಷ್ಟು ಜಾಗ ಯಾರ ಹತ್ತಿರ ಇದೆ ಅಂತ ಕೇಳುತ್ತೀರಿ. ನೆಟ್ಟಗೇ ಇರಬೇಕಾಗಿಲ್ಲ. ನಡು ಎತ್ತರಿಸಿ ಎರಡು ತುದಿ ಇಳಿಬಿಡಿ, ತುದಿಗಳನ್ನು ಮೂಲೆಯಲ್ಲಿ ಬಾಗಿಸಿ. ಹತ್ತಿರದ ಸಂಪರ್ಕಕ್ಕೆ ತೀರಾ ಎತ್ತರವೂ ಬೇಡ, ಏಳೆಂಟು ಮೀಟರ್ ಸಾಕು. ತಗ್ಗಿನಲ್ಲಿರುವ ಡೈಪೋಲ್ ಸಿಗ್ನಲ್ಲನ್ನು ಮೇಲಕ್ಕೇ ಕಳಿಸುತ್ತದೆ, ಇಲ್ಲಿ ನಮಗೆ ಬೇಕಾದದ್ದೂ ಅದೇ. ದೂರದವರನ್ನು ಹಿಡಿಯಬೇಕಾದರೆ ನಿಂತ ತಂತಿ, ತಲೆಕೆಳಗಾದ ಎಲ್ ಆಕಾರದ್ದು, ನೆಲದ ಮೇಲೆ ಅದರ ಬುಡದಿಂದ ಸುತ್ತ ಹರಡಿದ ರೇಡಿಯಲ್ ತಂತಿಗಳು ಸಾಧ್ಯವಾದಷ್ಟು ಬೇಕು.

ಆದರೆ ಆಂಟೆನಾಗಿಂತ ಮೊದಲು ಸದ್ದು. ಕೆಳಗಿನ ಬ್ಯಾಂಡ್‌ಗಳಲ್ಲಿ ನಿಮ್ಮ ಶತ್ರು ಸೂರ್ಯ ಅಲ್ಲ, ನಿಮ್ಮ ಮನೆಯ ಚಾರ್ಜರ್. ಅಗ್ಗದ ಎಲ್‌ಇಡಿ ದೀಪ, ಲ್ಯಾಪ್‌ಟಾಪ್ ಅಡಾಪ್ಟರ್, ಸೋಲಾರ್ ಇನ್ವರ್ಟರ್, ಎಲ್ಲವೂ ಗುರ್ರ್ ಅನ್ನುತ್ತವೆ. ರಿಗ್ಗನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಸಿಗ್ನಲ್‌ನ ಬಲ ತೋರಿಸುವ ಎಸ್ ಮೀಟರ್ ನೋಡಿ. ನಾನು ಹಾಗೆ ಮಾಡಿದಾಗ ಎಸ್7ರಲ್ಲಿದ್ದ ಸದ್ದು ಎಸ್5ಕ್ಕೆ ಇಳಿಯಿತು. ಆಮೇಲೆ ಒಂದೊಂದೇ ಪ್ಲಗ್ ಹಾಕುತ್ತಾ ಬಂದೆ. ಸಿಕ್ಕಿದ್ದು ಎರಡೇ ಎರಡು ಅಡಾಪ್ಟರ್. ಎರಡು ಎಸ್ ಅಂಕ ಅಂದರೆ 12 ಡೆಸಿಬೆಲ್, ಅಂದರೆ 16 ಪಟ್ಟು. ಆ ಕಡೆಯವರು 100 ವ್ಯಾಟ್‌ನಿಂದ 1600 ವ್ಯಾಟ್‌ಗೆ ಏರಿಸಿದರೆ ನನಗೆ ಎಷ್ಟು ಅನುಕೂಲವೋ, ಅಷ್ಟು ಅನುಕೂಲ ಎರಡು ಪ್ಲಗ್ ಕಿತ್ತದ್ದರಿಂದ ಆಯಿತು. ಯಾವ ಆಂಪ್ಲಿಫೈಯರ್ ಕೊಂಡರೂ ಕೇಳುವ ಶಕ್ತಿ ಹೀಗೆ ಹೆಚ್ಚುವುದಿಲ್ಲ.

ಇನ್ನು ಮೋಡ್‌ಗಳ, ಅಂದರೆ ಸಂದೇಶ ಕಳಿಸುವ ಬಗೆಗಳ, ವಿಚಾರ. ನಿಮ್ಮಲ್ಲಿ ಹೆಚ್ಚಿನವರು ಕಂಪ್ಯೂಟರ್ ಮೂಲಕ ಚಿಕ್ಕ ಸಂದೇಶ ಕಳಿಸುವ ಎಫ್‌ಟಿ8 ಬಳಸುತ್ತೀರಿ. ಅದು ಬಂದದ್ದು 2017ರಲ್ಲಿ, ಹಿಂದಿನ ಇಳಿಜಾರಿನ ನಡುವೆ. ಮಾಡಿದವರು ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್. ಈ ಟೇಲರ್ ಅವರು ಜೋಡಿ ಪಲ್ಸಾರನ್ನು, ಅಂದರೆ ಇನ್ನೊಂದು ನಕ್ಷತ್ರದ ಜೊತೆ ಸುತ್ತುತ್ತಾ ರೇಡಿಯೊ ಮಿಡಿತ ಬಿಡುವ ನಕ್ಷತ್ರವನ್ನು, ಕಂಡುಹಿಡಿದು 1993ರಲ್ಲಿ ರಸೆಲ್ ಹಲ್ಸ್ ಜೊತೆ ಭೌತಶಾಸ್ತ್ರದ ನೊಬೆಲ್ ಪಡೆದವರು. ಸದ್ದಿನೊಳಗೆ ಹೂತುಹೋದ ಸಣ್ಣ ಮಿಡಿತವನ್ನು ಹೆಕ್ಕುವ ವಿದ್ಯೆಯನ್ನು ನಮಗೂ ಕೊಟ್ಟರು. ಧ್ವನಿಯ ಒಂದು ಚಾನೆಲ್‌ನಷ್ಟು ಅಗಲದಲ್ಲಿ ತುಂಬಿರುವ ಸದ್ದಿನ ನೂರನೇ ಒಂದು ಪಾಲು ಸಿಗ್ನಲ್ ಇದ್ದರೂ ಎಫ್‌ಟಿ8 ಅದನ್ನು ಓದುತ್ತದೆ. ದೊಡ್ಡ ಉಪಕಾರ ಅದು, ಚಿಕ್ಕ ಆಂಟೆನಾ ಇರುವ ಸಾವಿರಾರು ಜನ ಆ ತಳದ ವರ್ಷಗಳಲ್ಲಿ ಹವ್ಯಾಸ ಬಿಡದೆ ಉಳಿದರು.

ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ. ಬರೀ ಅದರಲ್ಲೇ ಇದ್ದರೆ ಬ್ಯಾಂಡ್ ಉಸಿರಾಡುವುದು ನಿಮಗೆ ಕೇಳಿಸುವುದಿಲ್ಲ, ಪರದೆಯ ಮೇಲೆ ಸಾಲುಗಳು ಮಾತ್ರ ಕಾಣುತ್ತವೆ. ಮೋರ್ಸ್ ಕಲಿಯಿರಿ. ಧ್ವನಿಗೆ ಎರಡೂವರೆ ಕಿಲೋಹರ್ಟ್ಸ್ ಬೇಕು, ಮೋರ್ಸ್‌ಗೆ ನೂರೈವತ್ತು ಹರ್ಟ್ಸ್ ಸಾಕು. ಅದೇ ವ್ಯಾಟ್ ಸಣ್ಣ ಜಾಗದಲ್ಲಿ ಒತ್ತಾಗಿ ಕೂರುತ್ತದೆ. ದಿನಕ್ಕೆ 20 ನಿಮಿಷದಂತೆ ಕೆಲವು ತಿಂಗಳು ಕೂತರೆ ಬರುತ್ತದೆ. ಬ್ಯಾಂಡ್ ಖಾಲಿ ಇರುವ ಸಂಜೆಗಳಲ್ಲಿ ಅದಕ್ಕೆ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ. ಇನ್ನೊಂದು, ಟೇಲರ್ ಅವರದೇ ವಿಸ್ಪರ್. 2008ರದು. ಎರಡು ನಿಮಿಷದ ಒಂದೊಂದು ಸರದಿಯಲ್ಲಿ ನಿಮ್ಮ ಕಾಲ್‌ಸೈನ್, ಜಾಗದ ಗುರುತು ಮತ್ತು ಪವರ್ ಕಳಿಸುತ್ತದೆ. ಕೇಳಿದವರ ಪಟ್ಟಿ ತಾನಾಗಿ ಸೇರುತ್ತದೆ. 200 ಮಿಲಿವ್ಯಾಟ್‌ನಲ್ಲಿ ಒಂದು ವಾರ ಓಡಿಸಿ. ನಿಮ್ಮ ಆಂಟೆನಾ ಯಾವ ಹೊತ್ತಿಗೆ ಎಲ್ಲಿ ಕೇಳುತ್ತದೆ ಅನ್ನುವುದು ನಿಮ್ಮ ಕೈಯಲ್ಲೇ ನಕ್ಷೆಯಾಗಿ ಬರುತ್ತದೆ.

ಸೂರ್ಯನ ಕಲೆಗೆ ಅಷ್ಟಾಗಿ ಸಂಬಂಧವೇ ಇಲ್ಲದ ದಾರಿಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಮೊದಲನೆಯದು ಸ್ಪೊರಾಡಿಕ್ ಇ, ಅಂದರೆ ಆಗಾಗ ಮೂಡಿ ಮರೆಯಾಗುವ ಒಂದು ಪದರ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಉಲ್ಕೆಗಳು ಉರಿದು ಬಿಟ್ಟ ಲೋಹದ ಅಯಾನುಗಳನ್ನು ಗಾಳಿ ತೆಳು ಹಾಳೆಯಾಗಿ ಒತ್ತುತ್ತದೆ. ಉತ್ತರ ಗೋಳಾರ್ಧದಲ್ಲಿ ಮೇಯಿಂದ ಆಗಸ್ಟ್‌ವರೆಗೆ ಜಾಸ್ತಿ. ಆಗ 28 ಮತ್ತು 50 ಮೆಗಾಹರ್ಟ್ಸ್ ದಿಢೀರನೆ ತೆರೆದು, ಒಂದು ನೆಗೆತಕ್ಕೆ 2000 ಕಿಲೋಮೀಟರ್‌ವರೆಗೆ ಹೋಗುತ್ತದೆ. ಉಲ್ಕೆಗಳ ಬಾಲದಿಂದಲೇ ಸಿಗ್ನಲ್ ಪುಟಿಸುವವರಿದ್ದಾರೆ, ಆಗಸ್ಟ್ ಮತ್ತು ಡಿಸೆಂಬರ್‌ನ ಉಲ್ಕಾಪಾತಗಳು ಅವರ ಹಬ್ಬ. ಚಂದ್ರನಿಗೆ ಬಡಿದು ವಾಪಸ್ ಪಡೆಯುವವರಿದ್ದಾರೆ, ನಿಮ್ಮದೇ ಸಿಗ್ನಲ್ ಎರಡೂವರೆ ಸೆಕೆಂಡ್ ನಂತರ ನಿಮಗೇ ಕೇಳುತ್ತದೆ. ಉಪಗ್ರಹಗಳಂತೂ 1961ರ ಡಿಸೆಂಬರ್ 12ರಿಂದ ಇವೆ. ಹವ್ಯಾಸಿಗಳು ಕಟ್ಟಿದ ಆಸ್ಕರ್ 1 ಆವತ್ತು ಮೇಲೆ ಹೋಗಿ ಮೋರ್ಸ್‌ನಲ್ಲಿ 'ಹೈ' ಅನ್ನುತ್ತಾ ಸುತ್ತಿತು.

ಒಂದು ಎಚ್ಚರಿಕೆ. ಕಡಿಮೆ ಚಟುವಟಿಕೆ ಅಂದರೆ ಸೂರ್ಯ ನಿದ್ದೆ ಹೋದ ಅಂತಲ್ಲ. 2017ರ ಸೆಪ್ಟೆಂಬರ್ 6ರಂದು, ಇಳಿಜಾರಿನ ಕಾಲದಲ್ಲೇ, ಎಕ್ಸ್9.3 ಪ್ರಮಾಣದ, ಅಂದರೆ ಅತಿ ಪ್ರಬಲ ವರ್ಗದ, ಜ್ವಾಲೆ ಎದ್ದಿತು. ಅದೇ ವಾರ ಕೆರಿಬಿಯನ್ ದ್ವೀಪಗಳಿಗೆ ಇರ್ಮಾ ಚಂಡಮಾರುತ ಅಪ್ಪಳಿಸುತ್ತಿತ್ತು. ಅಲ್ಲಿನ ತುರ್ತು ಸಂಪರ್ಕಕ್ಕೆ ಶಾರ್ಟ್‌ವೇವ್ ಬೇಕಾಗಿದ್ದ ಹೊತ್ತಿನಲ್ಲೇ ಬ್ಯಾಂಡ್‌ಗಳು ಮಂಕಾದವು. ಇನ್ನು ಸೂರ್ಯನ ಹೊರ ವಾತಾವರಣವಾದ ಕರೋನಾದ ರಂಧ್ರಗಳಿಂದ ಬರುವ ಕಣಗಳ ಗಾಳಿ 27 ದಿನಕ್ಕೊಮ್ಮೆ, ಸೂರ್ಯ ಒಂದು ಸುತ್ತು ತಿರುಗಿದಾಗಲೆಲ್ಲ, ಮರಳಿ ಬರುತ್ತದೆ. ಇವತ್ತು ಭೂಕಾಂತದ ಏರುಪೇರು ಹೇಳುವ ಕೆ ಸೂಚ್ಯಂಕ 5 ಆಗಿ ಬ್ಯಾಂಡ್ ಕೆಟ್ಟರೆ ಕ್ಯಾಲೆಂಡರಿನಲ್ಲಿ 27 ದಿನ ಎಣಿಸಿ ಒಂದು ಗುರುತು ಹಾಕಿ.

ಮುಂದಿನ ತಳ ಎಷ್ಟು ಆಳ, ಅದರ ಮುಂದಿನ ತುದಿ ಎಷ್ಟು ಎತ್ತರ ಅಂತ ಕೇಳಬೇಡಿ. 25ನೇ ಚಕ್ರದ ತುದಿಯಲ್ಲಿ ಕಲೆಗಳ ಸಂಖ್ಯೆ 115ರ ಸುತ್ತ ಇರುತ್ತದೆ ಅಂತ 2019ರಲ್ಲಿ ತಜ್ಞರ ಸಮಿತಿ ಹೇಳಿತ್ತು. ಅದು 150 ದಾಟಿತು.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: "ಸರ್, ಹಾಗಿದ್ದರೆ ಹತ್ತು ಮೀಟರ್ ಆಂಟೆನಾ ಮಾರಿಬಿಡಬಹುದಾ?" ಮಾರಬೇಡಿ. 28.200 ಮೆಗಾಹರ್ಟ್ಸ್‌ನಲ್ಲಿ ಪ್ರಪಂಚದ 18 ಬೀಕನ್‌ಗಳು, ಅಂದರೆ ತಾವಾಗಿ ಸಿಗ್ನಲ್ ಕಳಿಸುವ ನಿಲ್ದಾಣಗಳು, ಸರದಿಯಂತೆ ಬರುತ್ತವೆ. ಒಂದೊಂದಕ್ಕೆ 10 ಸೆಕೆಂಡ್, ಮೂರು ನಿಮಿಷಕ್ಕೆ ಒಂದು ಸುತ್ತು. ಮೊದಲು ಕಾಲ್‌ಸೈನ್, ಆಮೇಲೆ ನಾಲ್ಕು ಉದ್ದ ಗೆರೆ. ಮೊದಲ ಗೆರೆ 100 ವ್ಯಾಟ್, ಎರಡನೆಯದು 10, ಮೂರನೆಯದು 1, ನಾಲ್ಕನೆಯದು ಒಂದು ವ್ಯಾಟಿನ ಹತ್ತನೇ ಒಂದು ಪಾಲು. ಎಷ್ಟೋ ಸಲ ಬ್ಯಾಂಡ್ ತೆರೆದೇ ಇರುತ್ತದೆ, ಕರೆಯುವವರು ಇರುವುದಿಲ್ಲ ಅಷ್ಟೆ. ಎಲ್ಲರೂ ಕೇಳುತ್ತಾ ಕೂತಿರುತ್ತಾರೆ, ಯಾರೂ ಕೀ ಒತ್ತುವುದಿಲ್ಲ. 2009ರ ಜೂನ್‌ನಲ್ಲಿ, ಸೂರ್ಯ ಬಿಳಿ ತಟ್ಟೆಯಂತಿದ್ದ ಒಂದು ಮಧ್ಯಾಹ್ನ, ನಾನು ಅಲ್ಲಿ ಸುಮ್ನೆ ಟ್ಯೂನ್ ಮಾಡಿ ಇಟ್ಟಿದ್ದೆ. ಬ್ಯಾಂಡಿನಲ್ಲಿ ಒಂದು ದನಿಯೂ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಒಂದು ಕಾಲ್‌ಸೈನ್ ಬಂತು, ಹಿಂದೆಯೇ ಗೆರೆಗಳು. ಒಂದು. ಎರಡು, ಸ್ವಲ್ಪ ಸಣ್ಣಗೆ. ಉಸಿರು ಹಿಡಿದು ಕೇಳಿದೆ. ಮೂರನೆಯದೂ ಬಂತು.